ಅತಿಥಿಯ ಅಳತೆಗೋಲು ನಾಗರಿಕಳಿಗೆ ಸಲ್ಲದು

ಬೆಳಗಾವಿಯ ಕಾಲೇಜೊಂದರ ಗೇಟಿನಲ್ಲಿ ಶಿರವಸ್ತ್ರದ ಪ್ರಶ್ನೆ ಎದ್ದರೆ ಸಾಕು, ಚರ್ಚೆಯು ಸೌದಿ ಅರೇಬಿಯದ ಕಡೆಗೆ ಹೊರಳುತ್ತದೆ. 'ಸೌದಿಗೆ ಹೋದ ಮುಸ್ಲಿಮೇತರ ಮಹಿಳೆಯರು ತುಟಿಪಿಟಿಕ್ಕೆನ್ನದೆ ಅಬಾಯ ತೊಡುವುದಿಲ್ಲವೇ? ಹಾಗಿರುವಾಗ ಇಲ್ಲಿ ನೀವು ಇಲ್ಲಿನ ನಿಯಮವನ್ನು ಪಾಲಿಸಿದರೇನು?' ಎಂದು ಒಂದು ವರ್ಗವು ಪ್ರಶ್ನಿಸುತ್ತದೆ. 'ಅಲ್ಲಿ ಪರದೇಶದ ಹೆಣ್ಣುಮಕ್ಕಳೂ ಮೈ ಮುಚ್ಚುತ್ತಾರೆ, ನಮ್ಮವರೇಕೆ ಮುಚ್ಚಬಾರದು?' ಎಂದು ನಮ್ಮೊಳಗಿನ ಕೆಲವರು ಹೇಳುತ್ತಾರೆ. ಇವೆರಡೂ ಪರಸ್ಪರ ವಿರುದ್ಧ ವಾದಗಳಂತೆ ಕಾಣುತ್ತವೆ. ಆದರೆ ಎರಡರ ಬುನಾದಿಯೂ ಒಂದೇ: ಪರದೇಶದಲ್ಲಿ ಅತಿಥಿಯೊಬ್ಬಳು ತೋರುವ ಸೌಜನ್ಯವನ್ನು ಸ್ವದೇಶದ ನಾಗರಿಕಳ ಮೇಲೆ ಹೇರುವುದು. ಈ ಬುನಾದಿಯೇ ಎಷ್ಟು ಸಡಿಲವಾದುದು ಎಂಬುದನ್ನು ನಮ್ಮ ಕುಟುಂಬಗಳು ಅರಿತಿರಬೇಕಾದುದು ಅತ್ಯಗತ್ಯ.

ಮೊದಲು ವಾಸ್ತವಾಂಶಗಳನ್ನು ನೋಡೋಣ. 'ಮುಸ್ಲಿಂ ರಾಷ್ಟ್ರ' ಎಂಬ ಒಂದೇ ಹಣೆಪಟ್ಟಿಯ ಅಡಿಯಲ್ಲಿ ನಾವು ತಂದಿರಿಸುವ ದೇಶಗಳ ಕಾನೂನುಗಳು ಒಂದೇ ಬಗೆಯವಲ್ಲ. ಸೌದಿ ಅರೇಬಿಯದಲ್ಲಿ ದಶಕಗಳ ಕಾಲ ಪರದೇಶಿ ಮಹಿಳೆಯರೂ ಸಾರ್ವಜನಿಕವಾಗಿ ಅಬಾಯ ತೊಡಬೇಕಿತ್ತು ನಿಜ. ಆದರೆ 2016ರಲ್ಲಿ ಅಲ್ಲಿನ ಧಾರ್ಮಿಕ ಪೊಲೀಸರಿಂದ ಬಂಧನದ ಅಧಿಕಾರವನ್ನು ಹಿಂಪಡೆಯಲಾಯಿತು. 2018ರ ಮಾರ್ಚ್‌ನಲ್ಲಿ ಯುವರಾಜ ಮುಹಮ್ಮದ್ ಬಿನ್ ಸಲ್ಮಾನ್‌ರು, ಶರೀಅತ್ ಬೇಡುವುದು ಸಭ್ಯ ಉಡುಪನ್ನೇ ಹೊರತು ಕಪ್ಪು ಅಬಾಯವನ್ನೇ ಎಂದಲ್ಲ ಎಂಬರ್ಥದ ಮಾತನ್ನು ಅಮೆರಿಕದ ಟಿ.ವಿ. ಸಂದರ್ಶನದಲ್ಲಿ ಆಡಿದರು. 2019ರ ಸೆಪ್ಟೆಂಬರ್‌ನಲ್ಲಿ ಪ್ರವಾಸಿಗರಿಗೆ ಬಾಗಿಲು ತೆರೆದಾಗ ವಿದೇಶಿ ಮಹಿಳೆಯರಿಗೆ ಅಬಾಯ ಕಡ್ಡಾಯವಲ್ಲ, ಭುಜ ಮತ್ತು ಮಂಡಿ ಮುಚ್ಚುವ ಸಭ್ಯ ಉಡುಪು ಸಾಕು ಎಂದು ಸರಕಾರವೇ ಪ್ರಕಟಿಸಿತು. 2022ರಲ್ಲಿ ವಿಶ್ವಕಪ್ ಫುಟ್ಬಾಲ್ ನಡೆಸಿದ ಕತರ್ ಕೂಡ ಅತಿಥಿಗಳಿಂದ ಬಯಸಿದ್ದು ಇಷ್ಟನ್ನೇ. ದುಬೈಯ ಬೀದಿಗಳಲ್ಲಿ ಸೀರೆ, ಕುಂಕುಮ, ಮಂಗಳಸೂತ್ರ ಯಾರಿಗೂ ಹೊಸತಲ್ಲ. ಇದಕ್ಕೆ ವ್ಯತಿರಿಕ್ತವಾಗಿ ಇರಾನಿನ ಕಾನೂನು ಪ್ರವಾಸಿ ಮಹಿಳೆಯೂ ತಲೆ ಮುಚ್ಚಬೇಕೆನ್ನುತ್ತದೆ. ಅಫ್ಘಾನಿಸ್ತಾನದ ತಾಲಿಬಾನ್ ಆಡಳಿತವು 2022ರ ಮೇಯಲ್ಲಿ ಮುಖವನ್ನೂ ಮುಚ್ಚಬೇಕೆಂದು ಆದೇಶಿಸಿತು. ಇವೆಲ್ಲವನ್ನೂ ಒಂದೇ ಮೂಟೆಯಲ್ಲಿ ಕಟ್ಟಿ 'ಅಲ್ಲಿ ಹೀಗಿದೆ' ಎನ್ನುವುದು ಅಜ್ಞಾನ. ತಿಳಿದೂ ಹಾಗೆನ್ನುವುದು ವಂಚನೆ.

ಪರದೇಶಿ ಮಹಿಳೆಯರು ತುಟಿಪಿಟಿಕ್ಕೆನ್ನದೆ ಒಪ್ಪಿಕೊಂಡರು ಎಂಬುದೂ ಪೂರ್ಣ ಸತ್ಯವಲ್ಲ. ಸೌದಿಯಲ್ಲಿ ನಿಯುಕ್ತರಾಗಿದ್ದ ಅಮೆರಿಕದ ವಾಯುಪಡೆಯ ಅಧಿಕಾರಿಣಿ ಮಾರ್ಥಾ ಮೆಕ್‌ಸ್ಯಾಲಿ, ಸೇನಾ ನೆಲೆಯಿಂದ ಹೊರಗೆ ಹೋಗುವಾಗ ಅಬಾಯ ತೊಡಬೇಕೆಂಬ ಆಜ್ಞೆಯ ವಿರುದ್ಧ 2001ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. ಗಮನಿಸಬೇಕಾದ ಅಂಶವೇನೆಂದರೆ, ಅವರು ದಾವೆ ಹೂಡಿದ್ದು ತಮ್ಮದೇ ಸರಕಾರದ ವಿರುದ್ಧ. 2002ರಲ್ಲಿ ಸೇನೆಯು ಆ ಆಜ್ಞೆಯನ್ನು ಸಡಿಲಿಸಿತು. ಅದೇ ವರ್ಷ ಅಮೆರಿಕದ ಸಂಸತ್ತು, ಸೇನೆಯ ಮಹಿಳೆಯರನ್ನು ಅಬಾಯ ತೊಡುವಂತೆ ಬಲವಂತಪಡಿಸಬಾರದೆಂದು ಕಾನೂನು ಮಾಡಿತು. ಅಬಾಯವನ್ನು ನಿರಾಕರಿಸುವ ಅಮೆರಿಕನ್ ಮಹಿಳೆಯ ಹಕ್ಕನ್ನು ಎತ್ತಿ ಹಿಡಿಯುವ ನ್ಯಾಯಪ್ರಜ್ಞೆಯು, ಶಿರವಸ್ತ್ರವನ್ನು ಆರಿಸಿಕೊಳ್ಳುವ ಖಾನಾಪುರದ ಹೆಣ್ಣುಮಗಳ ಹಕ್ಕಿನ ಮುಂದೆ ಮೌನವಾದರೆ ಅದನ್ನು ಏನೆಂದು ಕರೆಯೋಣ?

ಅತಿಥಿಯ ಸೌಜನ್ಯವೆಂಬುದು ಒಂದಿದೆ, ಅದನ್ನು ನಾವು ಅಲ್ಲಗಳೆಯುವುದಿಲ್ಲ. 2016ರ ಏಪ್ರಿಲ್‌ನಲ್ಲಿ ವಿದೇಶಾಂಗ ಸಚಿವೆಯಾಗಿದ್ದ ಸುಷ್ಮಾ ಸ್ವರಾಜ್‌ರು ಟೆಹರಾನಿಗೆ ತೆರಳಿದಾಗ ತಲೆಯ ಮೇಲೆ ಶಾಲು ಹೊದ್ದಿದ್ದರು. 2024ರ ಜನವರಿಯಲ್ಲಿ ಅಂದಿನ ಕೇಂದ್ರ ಸಚಿವೆ ಸ್ಮೃತಿ ಇರಾನಿಯವರು ಮದೀನಾ ನಗರಕ್ಕೆ ಭೇಟಿ ನೀಡಿದಾಗ ತಲೆ ಮುಚ್ಚಿರಲಿಲ್ಲ, ಸೌದಿ ಅಧಿಕಾರಿಗಳು ಅವರನ್ನು ಗೌರವದಿಂದಲೇ ಬರಮಾಡಿಕೊಂಡರು. ಒಂದು ಕಡೆ ಅತಿಥಿ ಬಾಗಿದರು, ಇನ್ನೊಂದು ಕಡೆ ಆತಿಥೇಯರು ಬಾಗಿದರು. 2024ರ ಫೆಬ್ರವರಿಯಲ್ಲಿ ಅಬುಧಾಬಿಯಲ್ಲಿ ಉದ್ಘಾಟನೆಗೊಂಡ ಬಿಎಪಿಎಸ್ ಹಿಂದೂ ಮಂದಿರವು, ಸಂದರ್ಶಕರು ಕುತ್ತಿಗೆಯಿಂದ ಕಣಕಾಲಿನ ತನಕ ಮೈ ಮುಚ್ಚುವ ಉಡುಪಿನಲ್ಲಿ ಬರಬೇಕೆಂದು ಕೇಳಿಕೊಂಡಿದೆ. ಹಳೆ ಗೋವಾದ ಚರ್ಚುಗಳಲ್ಲಿ ಸಭ್ಯ ಉಡುಪಿನ ಸೂಚನೆಯಿದೆ. ಧರ್ಮಸ್ಥಳದ ದೇವಾಲಯವನ್ನು ಪ್ರವೇಶಿಸುವ ಪುರುಷರು ಅಂಗಿ ಕಳಚುತ್ತಾರೆ. ಸಭ್ಯತೆಯ ನಿರೀಕ್ಷೆ ಮುಸ್ಲಿಂ ದೇಶಗಳ ಸೊತ್ತೇನೂ ಅಲ್ಲ. ಒಬ್ಬರ ಮನೆಗೆ, ಒಬ್ಬರ ಆರಾಧನಾಲಯಕ್ಕೆ ಹೋದಾಗ ಅಲ್ಲಿನ ರೀತಿಗೆ ಮನ್ನಣೆ ಕೊಡುವುದು ಮನುಷ್ಯ ಸಹಜ ಸಂಸ್ಕಾರ.

ಆದರೆ ಮನೆಯೇ ತನ್ನದಾದಾಗ? ಬೆಳಗಾವಿಯ ಕೋಟೆಯೊಳಗೆ ಕಮಲ ಬಸದಿಯೂ ಇದೆ, ಆದಿಲ್‌ಶಾಹಿ ಕಾಲದ ಸಫಾ ಮಸೀದಿಯೂ ಇದೆ. ಆ ಕೋಟೆಯ ಸುತ್ತ ಬೆಳೆದ ನಗರದ ಮುಸ್ಲಿಂ ಹೆಣ್ಣುಮಗಳು ಇಲ್ಲಿ ವೀಸಾದ ಮೇಲೆ ಬಂದು ನಿಂತವಳಲ್ಲ. ಗುತ್ತಿಗೆಯ ಅವಧಿ ಮುಗಿದಾಗ ಮರಳಬೇಕಾದ ಬೇರೊಂದು ಊರು ಅವಳಿಗಿಲ್ಲ. ಕೊಲ್ಲಿಯಲ್ಲಿ ದುಡಿಯುವವನು ಆ ದೇಶದ ಷರತ್ತನ್ನು ಓದಿ, ಒಪ್ಪಿ, ಸಂಬಳಕ್ಕಾಗಿ ವಿಮಾನ ಹತ್ತುತ್ತಾನೆ. ಷರತ್ತು ಒಗ್ಗದಿದ್ದರೆ ಮರಳುವ ದಾರಿ ಅವನಿಗಿದೆ. ಖಾನಾಪುರದಿಂದ ಬಸ್ಸು ಹಿಡಿದು ಬೆಳಗಾವಿಯ ಕಾಲೇಜಿಗೆ ಬರುವ ವಿದ್ಯಾರ್ಥಿನಿಯ ಒಪ್ಪಂದವಾದರೋ ಈ ದೇಶದ ಸಂವಿಧಾನದೊಂದಿಗೆ. ಅಭಿವ್ಯಕ್ತಿಯ ಸ್ವಾತಂತ್ರ್ಯವನ್ನು 19ನೇ ವಿಧಿಯೂ ಧರ್ಮಪಾಲನೆಯ ಸ್ವಾತಂತ್ರ್ಯವನ್ನು 25ನೇ ವಿಧಿಯೂ ಅವಳಿಗೆ ನೀಡಿವೆ. ಅವಳಿಗೆ ಸೌದಿಯ ಉದಾಹರಣೆ ಕೊಡುವವರು ಅರಿತೋ ಅರಿಯದೆಯೋ ಅವಳನ್ನು ಸ್ವಂತ ಊರಿನಲ್ಲೇ ಪರದೇಶಿಯನ್ನಾಗಿಸುತ್ತಿದ್ದಾರೆ.

2021ರ ಡಿಸೆಂಬರ್ ಅಂತ್ಯದಲ್ಲಿ ಉಡುಪಿಯ ಸರಕಾರಿ ಪದವಿಪೂರ್ವ ಕಾಲೇಜಿನಲ್ಲಿ ಆರಂಭವಾದ ವಿವಾದವು ಬೆಳಗಾವಿ ಜಿಲ್ಲೆಯ ತನಕ ಹಬ್ಬಿದ್ದನ್ನು ಓದುಗರು ಮರೆತಿರಲಾರರು. 2022ರ ಫೆಬ್ರವರಿ 5ರಂದು ಸರಕಾರದ ಆದೇಶ ಹೊರಬಿತ್ತು. ಮೂರು ದಿನಗಳ ಬಳಿಕ ರಾಜ್ಯದ ಪ್ರೌಢಶಾಲೆ ಮತ್ತು ಕಾಲೇಜುಗಳಿಗೆ ರಜೆ ಸಾರಲಾಯಿತು. ಮಾರ್ಚ್ 15ರಂದು ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠವು, ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ, ಸಮವಸ್ತ್ರದ ನಿರ್ಬಂಧವು ಸಮಂಜಸ ಎಂದಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ನ್ಯಾಯಮೂರ್ತಿ ಹೇಮಂತ್ ಗುಪ್ತಾರು ಮೇಲ್ಮನವಿಗಳನ್ನು ತಳ್ಳಿ ಹಾಕಿದರು. ನ್ಯಾಯಮೂರ್ತಿ ಸುಧಾಂಶು ಧುಲಿಯಾರು ಅವುಗಳನ್ನು ಪುರಸ್ಕರಿಸಿ, ಹೆಣ್ಣುಮಗುವಿನ ಶಿಕ್ಷಣವೇ ತಮಗೆ ಮುಖ್ಯವೆಂದೂ ಹಿಜಾಬ್ ಆಯ್ಕೆಯ ಪ್ರಶ್ನೆಯೆಂದೂ ಸ್ಪಷ್ಟಪಡಿಸಿದರು. ಪ್ರಕರಣವು ವಿಸ್ತೃತ ಪೀಠದ ಪಾಲಿಗೆ ಹೋಯಿತು. ನ್ಯಾಯಾಲಯದ ದಾರಿ ದೀರ್ಘವಾದುದು. ಹದಿನೇಳರ ಹರೆಯದವಳಿಗೆ ಕಳೆದು ಹೋದ ಒಂದು ವರ್ಷವೂ ದೀರ್ಘವೇ.

ಬೆಳಗಾವಿಗೆ ಆತಿಥ್ಯವೇನೆಂದು ಯಾರೂ ಕಲಿಸಿಕೊಡಬೇಕಿಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯ, ರಾಣಿ ಚೆನ್ನಮ್ಮ ವಿಶ್ವವಿದ್ಯಾನಿಲಯ, ಕೆಎಲ್ಇಯ ವೈದ್ಯಕೀಯ ಸಂಸ್ಥೆಗಳು ಈ ನಗರವನ್ನು ವಿದ್ಯಾಕೇಂದ್ರವಾಗಿಸಿವೆ. ಮಲೇಷ್ಯಾದ ಯೂನಿವರ್ಸಿಟಿ ಸೈನ್ಸ್ ಮಲೇಷ್ಯಾ ಮತ್ತು ಕೆಎಲ್ಇ ಸೇರಿ 2010ರಲ್ಲಿ ಆರಂಭಿಸಿದ ವೈದ್ಯಕೀಯ ಕಾರ್ಯಕ್ರಮದಡಿ ಮಲೇಷ್ಯಾದ ಯುವಕ ಯುವತಿಯರು ಡಾಕ್ಟರರಾಗಲು ಇಲ್ಲಿಗೆ ಬಂದರು. ಮಲಯಾ ಮುಸ್ಲಿಂ ಹೆಣ್ಣುಮಕ್ಕಳ ತಲೆವಸ್ತ್ರ 'ತುಡುಂಗ್' ಆ ದೇಶದ ಆಸ್ಪತ್ರೆ, ಶಾಲೆ, ಕಚೇರಿಗಳಲ್ಲೆಲ್ಲ ಕಾಣಸಿಗುವ ಉಡುಪು. ಅದನ್ನು ತೊಟ್ಟು ರೋಗಿಯ ನಾಡಿ ಹಿಡಿದರೆ ವೈದ್ಯವಿದ್ಯೆಗೆ ಕುಂದುಂಟಾಗದು. ಹಾಗಾದರೆ ಇಲ್ಲೇ ಹುಟ್ಟಿದವಳು ತಲೆ ಮುಚ್ಚಿ ಪಾಠ ಕೇಳಿದರೆ ಯಾವ ವಿದ್ಯೆಗೆ ಕುಂದು?

ತಲೆ ಮುಚ್ಚುವುದು ಈ ಮಣ್ಣಿಗೆ ಪರಕೀಯವೆಂಬ ಆರೋಪಕ್ಕೂ ಇಲ್ಲಿನ ಸಂತೆಯೇ ಉತ್ತರ ಹೇಳುತ್ತದೆ. ಬೆಳಗಾವಿ, ಖಾನಾಪುರದ ಸಂತೆಯ ದಿನ ಹಳ್ಳಿಗಳಿಂದ ಬರುವ ಹಿರಿಯ ತಾಯಂದಿರನ್ನು ನೋಡಿ. ಲಿಂಗಾಯತರಿರಲಿ, ಮರಾಠರಿರಲಿ, ತಲೆಯ ಮೇಲಿನ ಸೆರಗು ಜಾರದಂತೆ ಹಿಡಿದೇ ವ್ಯಾಪಾರ ಮಾಡುತ್ತಾರೆ. ಅವರ ಪಕ್ಕದಲ್ಲಿ ನಿಂತ ರುಮಾಲಿನ, ಗಾಂಧಿ ಟೋಪಿಯ ಹಿರಿಯರ ತಲೆಯೂ ಬರಿದಾಗಿಲ್ಲ. ಆ ಸೆರಗಿನಲ್ಲಿ ಯಾರೂ ಅಪಾಯವನ್ನು ಕಂಡಿಲ್ಲ, ಕಾಣಬೇಕಾಗಿಯೂ ಇಲ್ಲ. ಸೆರಗು ಮರ್ಯಾದೆಯಾಗುವ ಊರಿನಲ್ಲಿ ದುಪಟ್ಟಾ ಮಾತ್ರ ಹೇಗೆ ಅಪರಾಧವಾದೀತು?

ಇಷ್ಟು ಹೇಳಿದ ಮೇಲೆ ಇದೇ ತಕ್ಕಡಿಯನ್ನು ನಮ್ಮ ಕಡೆಗೂ ಹಿಡಿಯಬೇಕು. ಇಲ್ಲದಿದ್ದರೆ ನಮ್ಮ ನ್ಯಾಯದ ಮಾತಿಗೆ ಬೆಲೆಯಿರದು. ಇರಾನಿನ ಚರಿತ್ರೆಯಲ್ಲಿ ಇದಕ್ಕೆ ಸ್ಪಷ್ಟ ಪಾಠವಿದೆ. 1936ರಲ್ಲಿ ರಝಾ ಶಾ ಆಧುನಿಕತೆಯ ಹೆಸರಿನಲ್ಲಿ ಪರ್ದಾವನ್ನು ನಿಷೇಧಿಸಿದ. ಪೊಲೀಸರು ಬೀದಿಯಲ್ಲಿ ಮಹಿಳೆಯರ ಚಾದರ ಕಿತ್ತರು. ಎಷ್ಟೋ ಮಹಿಳೆಯರು ಮನೆಯಿಂದ ಹೊರಬರುವುದನ್ನೇ ನಿಲ್ಲಿಸಿದರು. 1979ರ ಕ್ರಾಂತಿಯ ಬಳಿಕ ಬಂದ ಆಡಳಿತವು ಅದನ್ನೇ ತಿರುಗಿಸಿ ತಲೆವಸ್ತ್ರವನ್ನು ಕಡ್ಡಾಯಗೊಳಿಸಿತು. 2022ರ ಸೆಪ್ಟೆಂಬರ್ 16ರಂದು, ಉಡುಪಿನ ನೆಪದಲ್ಲಿ ಬಂಧಿತಳಾಗಿದ್ದ 22ರ ಹರೆಯದ ಮಹ್ಸಾ ಅಮೀನಿ ಟೆಹರಾನಿನಲ್ಲಿ ಕೊನೆಯುಸಿರೆಳೆದಾಗ ಆ ದೇಶ ಹೊತ್ತಿ ಉರಿಯಿತು. ಕಿತ್ತ ಕೈಯೂ ಹೇರಿದ ಕೈಯೂ ಪ್ರಭುತ್ವದ್ದೇ. ಕರ್ನಾಟಕದಲ್ಲಿ ಕಳಚಬೇಕೆನ್ನುವುದು ತಪ್ಪಾದರೆ ಟೆಹರಾನಿನಲ್ಲಿ ಕಟ್ಟಲೇಬೇಕೆನ್ನುವುದೂ ತಪ್ಪು. ಧರ್ಮದಲ್ಲಿ ಬಲಾತ್ಕಾರವಿಲ್ಲವೆಂದು ಸಾರಿದ ಗ್ರಂಥವನ್ನು ಎದೆಗೊತ್ತಿಕೊಂಡ ಸಮುದಾಯವು ಇದನ್ನು ಹೇಳಲು ಹಿಂಜರಿಯಬಾರದು. ಲಾಠಿಯ ಭಯದಿಂದ ಮುಚ್ಚಿದ ತಲೆಯಲ್ಲಿ ಭಯವಿರುತ್ತದೆಯೇ ಹೊರತು ಭಕ್ತಿಯಲ್ಲ.

ಇನ್ನು ನಮ್ಮ ಮನೆಗಳ ಮಾತು. ಬೆಳಗಾವಿ, ಖಾನಾಪುರದಲ್ಲಿಯೂ ಕೊಲ್ಲಿಯ ದುಡಿಮೆಯಿಂದ ಒಲೆ ಉರಿಯುವ ಮನೆಗಳಿವೆ. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುವ ತಂದೆ, ಅಣ್ಣಂದಿರು ಹಣದೊಂದಿಗೆ ಅಲ್ಲಿನ ರೀತಿನೀತಿಯನ್ನೂ ತರುತ್ತಾರೆ. ದಮ್ಮಾಮಿನಲ್ಲಿ ಕಂಡ ಕಪ್ಪು ಅಬಾಯವೇ ಈಮಾನಿನ ಗುರುತೆಂದು, ಅಮ್ಮ ತೊಟ್ಟ ಸೀರೆ, ಅಜ್ಜಿ ಹೊದ್ದ ಬಿಳಿ ಚಾದರ ಏನೋ ಕಡಿಮೆಯೆಂದು ಭಾವಿಸುವವರಿದ್ದಾರೆ. ಅಬಾಯವನ್ನು ಇಷ್ಟಪಟ್ಟು ತೊಡುವವರಿಗೆ ನಮ್ಮ ಆಕ್ಷೇಪವಿಲ್ಲ. ಇಸ್ಲಾಮ್ ಬಯಸಿದ್ದು ಸಭ್ಯತೆಯನ್ನು. ಅದಕ್ಕೆ ಯಾವುದೇ ಒಂದು ದೇಶದ ಬಣ್ಣವನ್ನೋ ಹೊಲಿಗೆಯನ್ನೋ ಅದು ಕಡ್ಡಾಯ ಮಾಡಿಲ್ಲ. ಸೂರಃ ಅನ್ನೂರ್ ಈ ವಿಷಯವನ್ನು ಎತ್ತಿಕೊಳ್ಳುವಾಗ ಮೊದಲು ಪುರುಷರಿಗೆ ದೃಷ್ಟಿ ತಗ್ಗಿಸುವಂತೆ ಆದೇಶಿಸಿ, ಬಳಿಕ ಮಹಿಳೆಯರ ಕಡೆಗೆ ತಿರುಗುತ್ತದೆ ಎಂಬುದನ್ನು ನಮ್ಮ ಎಷ್ಟು ಜುಮಾ ಪ್ರವಚನಗಳು ನೆನಪಿಸುತ್ತವೆ? ಬಸ್‌ಸ್ಟ್ಯಾಂಡಿನಲ್ಲಿ ನಿಂತು ಹೆಣ್ಣುಮಕ್ಕಳನ್ನು ದಿಟ್ಟಿಸುವ ನಮ್ಮ ಹುಡುಗರ ಕಣ್ಣಿಗೆ ಯಾವ ಪರ್ದಾ ಹಾಕಿದ್ದೇವೆ?

ಅತ್ಯಂತ ಕಳವಳದ ಸಂಗತಿ ಇನ್ನೊಂದು. ಶಿರವಸ್ತ್ರಕ್ಕೆ ಕಾಲೇಜಿನಲ್ಲಿ ಅವಕಾಶವಿಲ್ಲವೆಂದಾಗ, ಸಾವಿರಾರು ಮೈಲು ದೂರದಿಂದ ಬರುವ ಒಂದು ಫೋನ್ ಕರೆಯಲ್ಲಿ 'ಹಾಗಾದರೆ ಓದು ಸಾಕು' ಎಂಬ ತೀರ್ಮಾನವಾಗಿ ಬಿಡುತ್ತದೆ. ಆ ಮಗಳ ಅಭಿಪ್ರಾಯವನ್ನು ಕೇಳುವ ಗೋಜಿಗೂ ಹೋಗುವುದಿಲ್ಲ. ಹೀಗೆ ತೀರ್ಮಾನಿಸುವ ತಂದೆಯು ತಾನು ದುಡಿಯುವ ದೇಶದಲ್ಲಿ ಏನಾಗುತ್ತಿದೆಯೆಂದು ಒಮ್ಮೆ ಕಣ್ತೆರೆದು ನೋಡಲಿ. 2018ರ ಜೂನ್‌ನಿಂದ ಸೌದಿಯ ಹೆಣ್ಣುಮಕ್ಕಳು ಕಾರು ಓಡಿಸುತ್ತಿದ್ದಾರೆ. 2019ರಿಂದ 21 ದಾಟಿದ ಮಹಿಳೆ ಪೋಷಕನ ಅನುಮತಿಯಿಲ್ಲದೆ ಪಾಸ್‌ಪೋರ್ಟ್ ಪಡೆಯಬಹುದಾಗಿದೆ. ರಿಯಾದಿನಲ್ಲಿ ಮಹಿಳೆಯರಿಗೆಂದೇ ರಾಜಕುಮಾರಿ ನೂರಾ ವಿಶ್ವವಿದ್ಯಾನಿಲಯವಿದೆ. ಅಲ್ಲಿನ ಹೆಣ್ಣುಮಕ್ಕಳು ತರಗತಿಗೆ ಹೋಗುವಾಗ ಇಲ್ಲಿನ ಮಗಳನ್ನು ಅಡುಗೆಮನೆಗೆ ಮರಳಿಸಲು ಕೊಲ್ಲಿಯ ಹೆಸರು ಬಳಸುವುದು ಯಾವ ನ್ಯಾಯ?

ಆದ್ದರಿಂದ ನಮ್ಮ ಕುಟುಂಬಗಳಿಗೆ ನಾವು ಹೇಳುವುದಿಷ್ಟು. ಹಕ್ಕಿಗಾಗಿ ಕಾನೂನಿನ ದಾರಿಯಲ್ಲಿ ದೃಢವಾಗಿ ನಿಲ್ಲೋಣ, ಅದರ ಖರ್ಚನ್ನು ಮಾತ್ರ ಮಗಳ ಓದಿನಿಂದ ಭರಿಸದಿರೋಣ. ಪ್ರಾಂಶುಪಾಲರೊಂದಿಗೆ, ಆಡಳಿತ ಮಂಡಳಿಯೊಂದಿಗೆ ಮಾತುಕತೆಗೆ ಹೆತ್ತವರೇ ಹೋಗಲಿ. ಬೀದಿಗಿಳಿಯುವ ಉತ್ಸಾಹಿಗಳ ಕೈಗೆ ಅದನ್ನು ಒಪ್ಪಿಸುವುದು ಬೇಡ. ಪ್ರವೇಶಕ್ಕೆ ಮುನ್ನವೇ ಸಂಸ್ಥೆಯ ನಿಯಮವನ್ನು ಕೇಳಿ ತಿಳಿಯಲಿ. ಸಮುದಾಯದ ಸಂಸ್ಥೆಗಳು ಬೆಳಗಾವಿ ನಗರಕ್ಕೆ ಸೀಮಿತವಾಗದೆ ಖಾನಾಪುರದ ಬಡ ವಿದ್ಯಾರ್ಥಿನಿಯ ಶುಲ್ಕ, ಬಸ್ಸಿನ ಪಾಸು, ಹಾಸ್ಟೆಲ್ಲಿನ ಹೊಣೆ ಹೊರಲಿ. 2022ರಲ್ಲಿ ಓದು ಬಿಟ್ಟವರು ನಮ್ಮ ಮೊಹಲ್ಲಾಗಳಲ್ಲಿದ್ದರೆ ಮಸೀದಿ ಕಮಿಟಿಗಳು ಅವರ ಪಟ್ಟಿ ಮಾಡಿ, ಖಾಸಗಿ ಅಭ್ಯರ್ಥಿಗಳಾಗಿ ಪರೀಕ್ಷೆ ಬರೆಯುವುದಕ್ಕೋ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಸೇರುವುದಕ್ಕೋ ನೆರವಾಗಲಿ. ಮಹಲ್ಲಿನಲ್ಲಿ ಇದಕ್ಕಿಂತ ತುರ್ತಿನ ಕೆಲಸ ಬೇರಿಲ್ಲ.

ಅಧಿಕಾರದಲ್ಲಿರುವವರಿಗೂ ಒಂದು ಮಾತು. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನಗಳು ನಡೆಯುತ್ತವೆ, ಉತ್ತರ ಕರ್ನಾಟಕದ ಅಭಿವೃದ್ಧಿಯ ಚರ್ಚೆಗಳಾಗುತ್ತವೆ. ಆ ಅಭಿವೃದ್ಧಿಯ ಲೆಕ್ಕದಲ್ಲಿ ಕಾಲೇಜಿನ ಗೇಟಿನಿಂದ ಮರಳಿದ ಹೆಣ್ಣುಮಕ್ಕಳೂ ಸೇರಬೇಕು. ಅವರು ಸರಕಾರದ ಔದಾರ್ಯ ಬೇಡಿ ಬಂದ ಅತಿಥಿಗಳಲ್ಲ, ಈ ನಾಡಿನ ಮಕ್ಕಳು. ಮಗಳು ಮನೆಯ ಬಾಗಿಲಿಗೆ ಬಂದಾಗ ಯಾವ ಉಡುಪಿನಲ್ಲಿ ಬಂದಿದ್ದೀಯೆಂದು ವಿಚಾರಿಸಿ ಒಳಬಿಡುವ ಪದ್ಧತಿ ಕನ್ನಡನಾಡಿನಲ್ಲಿ ಎಂದೂ ಇರಲಿಲ್ಲ, ಇರಬಾರದು.