ಭೂದೃಶ್ಯ ವಾಸ್ತುಶಿಲ್ಪ: ವಿಜ್ಞಾನ ವಿದ್ಯಾರ್ಥಿಗೆ ತಕ್ಕದೊಂದು ವೃತ್ತಿ

ಪದವಿಪೂರ್ವ ಪರೀಕ್ಷೆಯ ಫಲಿತಾಂಶ ಪ್ರಕಟವಾದೊಡನೆ ವಿಜ್ಞಾನ ವಿದ್ಯಾರ್ಥಿಗಳ ಮುಂದೆ ಇಂಜಿನಿಯರಿಂಗ್ ಮತ್ತು ವೈದ್ಯಕೀಯ ಎಂಬ ಎರಡೇ ಬಾಗಿಲುಗಳಿವೆಯೆಂಬ ಭಾವನೆ ನಮ್ಮ ಸಮಾಜದಲ್ಲಿ ಬೇರೂರಿದೆ. ಈ ಎರಡೂ ಶ್ರೇಷ್ಠ ವೃತ್ತಿಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಭೌತಶಾಸ್ತ್ರದಲ್ಲಿ ಆಸಕ್ತಿಯೂ, ಗಿಡಮರಗಳಲ್ಲಿ ಪ್ರೀತಿಯೂ, ಚಿತ್ರ ಬರೆಯುವ ಹವ್ಯಾಸವೂ ಕೂಡಿರುವ ವಿದ್ಯಾರ್ಥಿಗಳು ಯಾವ ದಾರಿಯನ್ನು ಹಿಡಿಯಬೇಕು? ಅಂಥವರಿಗೆ ತಕ್ಕದೊಂದು ವಿದ್ಯೆಯುಂಟು. ಕಾಲೇಜುಗಳಲ್ಲಿ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ ಎಂದು ಕರೆಯಲ್ಪಡುವ ಅದನ್ನು ಕನ್ನಡದಲ್ಲಿ ಭೂದೃಶ್ಯ ವಾಸ್ತುಶಿಲ್ಪ ಎನ್ನಬಹುದು.

ಈ ಹೆಸರನ್ನು ಕೇಳಿದವರಿಗೆ ಶ್ರೀಮಂತರ ಬಂಗಲೆಯ ಮುಂದಿನ ಹುಲ್ಲುಹಾಸು, ಹೂವಿನ ಪಾತಿ, ಕಾರಂಜಿಗಳು ನೆನಪಾಗುವುದು ಸಹಜ. ಇದು ಸ್ವಲ್ಪ ದುಬಾರಿಯಾದ ತೋಟಗಾರಿಕೆಯೆಂದೇ ಅನೇಕರು ತಿಳಿದಿದ್ದಾರೆ. ಈ ತಿಳಿವಳಿಕೆ ಅಪೂರ್ಣವಾದುದೆಂದು ನಮ್ಮ ಅಭಿಪ್ರಾಯ. ಕಟ್ಟಡದ ಹೊರಗಿನ ನೆಲ, ಅದರ ಮೇಲೆ ಬೀಳುವ ಮಳೆ ಬಿಸಿಲುಗಳು, ಅಲ್ಲಿ ಬೆಳೆಯುವ ಸಸ್ಯಗಳು, ಓಡಾಡುವ ಜನರು, ಇವೆಲ್ಲವನ್ನೂ ಒಟ್ಟಿಗೆ ಗಣಿಸಿ ವಿನ್ಯಾಸ ಮಾಡುವುದು ಈ ಶಾಸ್ತ್ರದ ಕೆಲಸ. ಅದಕ್ಕೆ ಸೌಂದರ್ಯದೃಷ್ಟಿ ಎಷ್ಟು ಅಗತ್ಯವೋ ವಿಜ್ಞಾನವೂ ಅಷ್ಟೇ ಅಗತ್ಯ.

ಒಂದು ಸರಳವಾದ ಲೆಕ್ಕವನ್ನು ಮಾಡಿ ನೋಡೋಣ. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರು. ಅದರ ಮೇಲೆ 50 ಮಿಲಿಮೀಟರು ಮಳೆಯಾದರೆ ಬಿದ್ದ ನೀರು ಸುಮಾರು 2 ಲಕ್ಷ ಲೀಟರು. ನೆಲಕ್ಕೆ ಕಾಂಕ್ರೀಟು ಹಾಸಿದ್ದರೆ ಈ ನೀರೆಲ್ಲ ಬಹುಮಟ್ಟಿಗೆ ಕೂಡಲೇ ಚರಂಡಿಗೆ ನುಗ್ಗುತ್ತದೆ. ಸಡಿಲವಾದ ಮಣ್ಣು, ಹುಲ್ಲು, ಮರಗಳಿದ್ದರೆ ಸಾಕಷ್ಟು ಭಾಗ ನೆಲಕ್ಕೆ ಇಂಗಿ, ಉಳಿದದ್ದು ನಿಧಾನವಾಗಿ ಹರಿಯುತ್ತದೆ. ನೆಲದ ಇಳಿಜಾರು ಎಷ್ಟಿರಬೇಕು, ನೀರು ತಂಗುವ ಹೊಂಡ ಎಲ್ಲಿರಬೇಕು ಎಂಬುದನ್ನು ಗೊತ್ತುಮಾಡುವುದು ಭೂದೃಶ್ಯ ವಾಸ್ತುಶಿಲ್ಪಿಯ ಹೊಣೆ.

ಉಷ್ಣದ ವಿಚಾರವೂ ಹೀಗೆಯೇ. ಒಂದು ಲೀಟರು ನೀರು ಆವಿಯಾಗಬೇಕಾದರೆ ಸುಮಾರು 2,400 ಕಿಲೋಜೂಲು ಉಷ್ಣ ಬೇಕೆಂಬುದನ್ನು ಗುಪ್ತೋಷ್ಣದ ಪಾಠದಲ್ಲಿ ನಮ್ಮ ವಿದ್ಯಾರ್ಥಿಗಳು ಓದಿರುತ್ತಾರೆ. ಬೇರಿಗೆ ನೀರಿನ ಕೊರತೆಯಿಲ್ಲದ ದೊಡ್ಡ ಮರವೊಂದು ದಿನಕ್ಕೆ 100 ಲೀಟರು ನೀರನ್ನು ಎಲೆಗಳ ಮೂಲಕ ಆವಿಯಾಗಿ ಬಿಡುತ್ತದೆಂದು ಇಟ್ಟುಕೊಳ್ಳೋಣ. ಅದಕ್ಕೆ ತಗಲುವ ಉಷ್ಣ 2,40,000 ಕಿಲೋಜೂಲು. ಒಂದು ಟನ್ ಸಾಮರ್ಥ್ಯದ ಹವಾನಿಯಂತ್ರಕವು ಸುಮಾರು 19 ಗಂಟೆಗಳ ಕಾಲ ಕೋಣೆಯಿಂದ ಹೊರತೆಗೆಯುವ ಉಷ್ಣಕ್ಕೆ ಇದು ಸಮ. ಯಂತ್ರವು ವಿದ್ಯುತ್ತನ್ನು ಬಳಸಿ ಆ ಉಷ್ಣವನ್ನು ಬೀದಿಗೆ ತಳ್ಳುತ್ತದೆ. ಮರವಾದರೋ ಬೀದಿಯನ್ನೇ ತಂಪುಮಾಡುತ್ತದೆ. ಪರೀಕ್ಷೆಗೆಂದು ಕಂಠಪಾಠ ಮಾಡಿದ ಅಂಕಿಯೊಂದು ಊರಿನ ಬಾಳಿಗೆ ಹೀಗೆ ನೇರವಾಗಿ ಒದಗುವ ವೃತ್ತಿಗಳು ಹೆಚ್ಚಿಲ್ಲ.

ಈ ವೃತ್ತಿಗೆ ಆಧುನಿಕ ರೂಪವನ್ನು ಕೊಟ್ಟವರಲ್ಲಿ ಅಮೆರಿಕದ ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್ (1822–1903) ಪ್ರಮುಖನು. ಕ್ಯಾಲ್ವರ್ಟ್ ವಾಕ್ಸ್‌ನೊಡನೆ 1858ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ವಿನ್ಯಾಸ ಸ್ಪರ್ಧೆಯನ್ನು ಗೆದ್ದವನೆಂದು ಆತ ಪ್ರಸಿದ್ಧ. ಆದರೆ ನಮ್ಮ ವಾದಕ್ಕೆ ಬಾಸ್ಟನ್ನಿನಲ್ಲಿ ಅವನು ಮಾಡಿದ ಕೆಲಸವೇ ಹೆಚ್ಚು ಉಪಯುಕ್ತ. 1870ರ ದಶಕದಲ್ಲಿ ಅಲ್ಲಿನ ಬ್ಯಾಕ್ ಬೇ ಪ್ರದೇಶ ನಗರದ ಕೊಳಚೆಯೂ ಸಮುದ್ರದ ಉಬ್ಬರದ ನೀರೂ ಸೇರಿ ದುರ್ವಾಸನೆ ಬೀರುವ ಕೆಸರುಭೂಮಿಯಾಗಿತ್ತು. ಓಲ್ಮ್‌ಸ್ಟೆಡ್ ನಗರದ ಇಂಜಿನಿಯರನೊಡನೆ ಕಲೆತು ಕೊಳಚೆಯನ್ನು ಬೇರೆ ಕಡೆಗೆ ತಿರುಗಿಸಿ, ಉಬ್ಬರದ ನೀರನ್ನು ತೂಬಿನಿಂದ ಹತೋಟಿಗೆ ತಂದು, ಉಪ್ಪುನೀರನ್ನು ತಾಳುವ ಹುಲ್ಲುಗಳನ್ನು ನೆಡಿಸಲು ಯೋಜಿಸಿದನು. ನೋಡುವವರಿಗೆ ಅದು ಉದ್ಯಾನ. ನಗರಕ್ಕೆ ಅದು ನೆರೆನೀರನ್ನು ಹಿಡಿದಿಡುವ ಪಾತ್ರೆ. 1910ರಲ್ಲಿ ಚಾರ್ಲ್ಸ್ ನದಿಗೆ ಅಣೆಕಟ್ಟು ಬಂದು ಅಲ್ಲಿನ ನೀರು ಸಿಹಿಯಾದಾಗ ಆ ಉಪ್ಪುಜವುಗಿನ ಸ್ವರೂಪವೇ ಬದಲಾಯಿತು. ನೀರಿನ ಗುಣ ಬದಲಾದರೆ ದೃಶ್ಯವೂ ಬದಲಾಗುತ್ತದೆಂಬ ಪಾಠವೂ ಇದರಲ್ಲಿದೆ.

ನಮ್ಮ ನಾಡಿಗೆ ಈ ವಿದ್ಯೆ ಹೊಸದೇನಲ್ಲ. ದೊಡ್ಡ ನದಿಯಿಲ್ಲದ ಬೆಂಗಳೂರಿನ ಎತ್ತರದ ನೆಲದಲ್ಲಿ ಹಿಂದಿನವರು ಕೆರೆಗಳನ್ನು ಸಾಲಾಗಿ ಕಟ್ಟಿ, ಮೇಲಿನ ಕೆರೆಯ ಕೋಡಿ ಹರಿದರೆ ರಾಜಕಾಲುವೆಯ ಮೂಲಕ ಕೆಳಗಿನ ಕೆರೆ ತುಂಬುವಂತೆ ಏರ್ಪಡಿಸಿದ್ದರು. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ಕ್ರುಂಬಿಗಲ್ ಅವರು, ಒಂದರ ಹೂ ಮುಗಿಯುವ ವೇಳೆಗೆ ಇನ್ನೊಂದು ಅರಳುವಂತೆ ಬೀದಿಮರಗಳನ್ನು ಆರಿಸಿ ನೆಡಿಸಿದರು. ಕೆರೆಗಳ ಸರಪಣಿ ಅನೇಕ ಕಡೆ ಕಡಿದುಹೋಗಿದೆ. 2022ರ ಸೆಪ್ಟೆಂಬರಿನ ಮಳೆಯಲ್ಲಿ ಹೊರವರ್ತುಲ ರಸ್ತೆಯ ಆಸುಪಾಸಿನ ಜನರನ್ನು ದೋಣಿಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಸಾಗಿಸಬೇಕಾಯಿತು. ನೀರು ತನ್ನ ಹಳೆಯ ದಾರಿಯನ್ನು ಮರೆಯುವುದಿಲ್ಲ, ಮರೆತವರು ನಾವು.

ಈ ವೃತ್ತಿಯ ಕಷ್ಟಗಳನ್ನು ಮುಚ್ಚಿಡುವುದು ಸರಿಯಲ್ಲ. ಸಾಮಾನ್ಯ ಕ್ರಮದಲ್ಲಿ ಮೊದಲು ಐದು ವರ್ಷಗಳ ವಾಸ್ತುಶಿಲ್ಪ ಪದವಿ, ಆಮೇಲೆ ಎರಡು ವರ್ಷಗಳ ಸ್ನಾತಕೋತ್ತರ ವ್ಯಾಸಂಗ. ಪದವಿಗೆ ಸೇರಲು ಭೌತಶಾಸ್ತ್ರ ಮತ್ತು ಗಣಿತಗಳನ್ನು ಓದಿರಬೇಕು. ನಾಟಾ ಎಂಬ ಪರೀಕ್ಷೆಯನ್ನಾಗಲಿ ಜೆಇಇಯ ವಾಸ್ತುಶಿಲ್ಪ ಪತ್ರಿಕೆಯನ್ನಾಗಲಿ ಬರೆಯಬೇಕು. ದೆಹಲಿಯ ಯೋಜನೆ ಮತ್ತು ವಾಸ್ತುಶಿಲ್ಪ ಶಾಲೆ, ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾನಿಲಯ ಮೊದಲಾದೆಡೆಗಳಲ್ಲಿ ಉನ್ನತ ಶಿಕ್ಷಣಕ್ಕೆ ಅವಕಾಶವಿದೆ. ಏಳು ವರ್ಷ ಎಂದೊಡನೆ ತಂದೆತಾಯಿಗಳು ಚಿಂತಿಸುವುದು ನ್ಯಾಯವೇ. ವಾಸ್ತುಶಿಲ್ಪಿ ಎಂಬ ಬಿರುದಿಗೆ 1972ರ ಕಾಯಿದೆಯ ರಕ್ಷಣೆಯಿದ್ದರೂ ಈ ಶಾಖೆಗೆ ಪ್ರತ್ಯೇಕವಾದ ಕಾಯಿದೆಯಿಲ್ಲ. ಕಟ್ಟಡ ಮುಗಿದ ಮೇಲೆ ಉಳಿದ ಜಾಗಕ್ಕೆ ಹಸಿರು ಹೊದಿಸಲು ಮಾತ್ರ ಇವರನ್ನು ಕರೆಯುವ ಪದ್ಧತಿಯೂ ಉಂಟು. ಬೇಗ ಸಂಪಾದನೆಗೆ ತೊಡಗಬೇಕಾದವರು ಮೊದಲ ಐದು ವರ್ಷಗಳ ನಂತರ ವಾಸ್ತುಶಿಲ್ಪಿಗಳಾಗಿ ದುಡಿದು, ಅನುಕೂಲವಾದಾಗ ಮುಂದೆ ಓದಬಹುದು.

ಇಷ್ಟಾದರೂ ಬುದ್ಧಿವಂತ ವಿದ್ಯಾರ್ಥಿಗಳು ಇತ್ತ ಬರಬೇಕೆಂದೇ ನಾವು ಹೇಳುತ್ತೇವೆ. ಲೆಕ್ಕ ಬಲ್ಲವರು ಬಂದಾಗ ಮಾತ್ರ, ಮೊದಲ ಗುದ್ದಲಿ ಬೀಳುವ ಮುನ್ನವೇ ಇವರ ಸಲಹೆ ಕೇಳಬೇಕೆಂಬ ತಿಳಿವು ನಗರಸಭೆಗಳಿಗೂ ಗೃಹ ನಿರ್ಮಾಪಕರಿಗೂ ಮೂಡೀತು. ಇಂಥ ವೃತ್ತಿಯೊಂದಿದೆಯೆಂದು ತರಗತಿಯಲ್ಲಿ ತಿಳಿಸುವುದು ಅಧ್ಯಾಪಕರಾದ ನಮ್ಮ ಕರ್ತವ್ಯವೂ ಹೌದು.

ಈ ವಿದ್ಯೆ ತಮಗೆ ಒಗ್ಗುವುದೋ ಇಲ್ಲವೋ ಎಂದು ಪರೀಕ್ಷಿಸಲು ವಿದ್ಯಾರ್ಥಿಗಳಿಗೆ ಹಣ ಬೇಕಿಲ್ಲ. ಬರುವ ಮಳೆಗಾಲದಲ್ಲಿ ನಿಮ್ಮ ಶಾಲೆಯ ಅಥವಾ ಕಾಲೇಜಿನ ಅಂಗಳದ ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವ ಮರದಡಿ ಇಂಗುತ್ತದೆ ಎಂಬುದನ್ನು ಗಮನಿಸಿ ಒಂದು ನಕ್ಷೆ ಬರೆಯಿರಿ. ನಿಂತ ನೀರನ್ನು ಕಂಡು, ಇದನ್ನು ಹೀಗೆ ತಿರುಗಿಸಬಹುದಿತ್ತಲ್ಲವೆ ಎಂಬ ಯೋಚನೆ ಹುಟ್ಟಿದರೆ, ಈ ವೃತ್ತಿಯ ಬಗ್ಗೆ ಮನೆಯಲ್ಲಿ ಹಿರಿಯರೊಡನೆ ಧೈರ್ಯವಾಗಿ ಮಾತನಾಡಿರಿ.