ಮೊಟ್ಟೆ ಇಡೋಳು ಬೇರೆ, ಕಾವಿಗೆ ಕೂರೋಳು ಬೇರೆ!

ಬಂಗಾರಪೇಟೆಯಿಂದ ಬೆಳಗಿನ ಟ್ರೈನ್ ಹಿಡಿದು ಬೆಂಗಳೂರಿಗೆ ಹೋಗೋ ನಾನು, ಹೋದ ವರ್ಷ ಕ್ಯಾಸಂಬಳ್ಳಿ ಮನೆಯ ನಾಟಿ ಕೋಳಿಗಳನ್ನು ಮಾರಿ ಗಿರಿರಾಜ ತಂದೆ. ಒಂದು ಮುದಿ ಹೇಂಟೆಯನ್ನು ಮಾತ್ರ ಅಜ್ಜಿ ಬಿಟ್ಟುಕೊಡಲಿಲ್ಲ. ಮೊಟ್ಟೆ ಧಾರಾಳ ಸಿಕ್ತು. ಮರಿ? ಒಂದೂ ಇಲ್ಲ!

ಕಾರಣ ಸರಳ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ಕಾವಿಗೆ ಕೂರಲ್ಲ. ವೈಟ್ ಲೆಗಾರ್ನ್ ಕೂಡ ಅಷ್ಟೇ. ಕಾವಿಗೆ ಕೂತ ಕೋಳಿ ಮೊಟ್ಟೆ ಇಡೋದು ನಿಲ್ಲಿಸುತ್ತೆ. ಹಾಗಾಗಿ ಹೆಚ್ಚು ಮೊಟ್ಟೆಗಾಗಿ ಬೆಳೆಸಿದ ತಳಿಗಳಲ್ಲಿ ಆ ಗುಣವೇ ಮರೆಯಾಗುತ್ತೆ.

ಮರಿ ಬೇಕಿದ್ರೆ ಒಂದೆರಡು ನಾಟಿ ಹೇಂಟೆ ಇರಲಿ. ಹಿಂದೆ ಮರಿ ಮಾಡಿದ್ದಾದ್ರೆ ಇನ್ನೂ ಒಳ್ಳೇದು. ಅಸೀಲ್ ತಳಿಯೂ ಚೆನ್ನಾಗಿ ಕೂರುತ್ತೆ. ಗೂಡು ಬಿಡದೆ, ಗರಿ ಕೆದರಿ, ಕೈ ಚಾಚಿದ್ರೆ ಕುಕ್ಕೋಕೆ ಬಂದ್ರೆ ಕಾವಿಗೆ ಬಂದಿದೆ ಅಂತ ಅರ್ಥ. ಹುಲ್ಲು ಹಾಸಿದ ಮಂಕರಿಯಲ್ಲಿ 10 ಮೊಟ್ಟೆ ಸಾಕು. 7ನೇ ರಾತ್ರಿ ಮೊಬೈಲ್ ಟಾರ್ಚ್ ಹಿಡಿದು ನೋಡಿ, ರಕ್ತನಾಳ ಕಾಣದ ಮೊಟ್ಟೆ ತೆಗೆದುಬಿಡಿ. ಒಟ್ಟು 21 ದಿನದ ತಪಸ್ಸು.

ಈ ಸಲ ಅಜ್ಜಿಯ ಮುದಿ ಹೇಂಟೆಯನ್ನೇ ಗಿರಿರಾಜ ಮೊಟ್ಟೆಗಳ ಮೇಲೆ ಕೂರಿಸಿದೆವು. 10ರಲ್ಲಿ 8 ಮರಿ! ಕೋಳಿ ಮಾರೋ ಮುಂಚೆ ಮನೆಯ ಹಿರಿಯರನ್ನು ಒಂದು ಮಾತು ಕೇಳಿ. ನಾನು ಕೇಳಿರಲಿಲ್ಲ.