ನಿಧಾನ ಪಯಣಿಗನಿಗೊಂದು ಕೋಣೆ ಬೇಕಿದೆ

ಬರುವ ಸಂಕ್ರಾಂತಿಯ ಮರುವಾರ ನಾವು ನಾಲ್ವರು ಸೈಕಲ್ ಮೇಲೆ ಮೈಸೂರಿನಿಂದ ಶ್ರವಣಬೆಳಗೊಳಕ್ಕೆ ಹೋಗಬೇಕೆಂದು ನಿಶ್ಚಯಿಸಿದ್ದೇವೆ. ನಾನು, ನನ್ನ ಪತ್ನಿ, ಬ್ಯಾಂಕಿನಿಂದ ನನ್ನೊಡನೆಯೇ ನಿವೃತ್ತರಾದ ಗೆಳೆಯ ಮತ್ತು ಅವರ ಪತ್ನಿ. ನಾಲ್ವರಲ್ಲಿ ಮೂವರು ಅರವತ್ತು ದಾಟಿದವರು. ದಾಖಲೆ ಸ್ಥಾಪಿಸುವ ಹಂಬಲ ಯಾರಿಗೂ ಇಲ್ಲ. ಬೆಳಗಿನ ತಂಪಿನಲ್ಲಿ ಮೂರು ಗಂಟೆ ಪೆಡಲು ತುಳಿದು, ಬಿಸಿಲೇರುವ ಮುನ್ನ ಒಂದೂರು ಸೇರಿ, ಮಧ್ಯಾಹ್ನ ಒರಗಿ, ಸಂಜೆ ಕೆರೆ ಏರಿಯ ಮೇಲೋ ಗುಡಿಯ ಜಗಲಿಯ ಮೇಲೋ ಕುಳಿತು ಬರಬೇಕೆಂಬುದಷ್ಟೇ ಆಸೆ. ದಿನಕ್ಕೆ 30 ಕಿ.ಮೀ. ಮೀರಕೂಡದು ಎಂಬ ನಿರ್ಣಯವನ್ನು ಎರಡೂ ಮನೆಗಳು ಸರ್ವಾನುಮತದಿಂದ ಅಂಗೀಕರಿಸಿವೆ.

ಇಷ್ಟು ಸಣ್ಣ ಪ್ರವಾಸಕ್ಕೆ ಯೋಜನೆಯಾದರೂ ಏಕೆ ಎಂದು ನಾನೂ ಮೊದಲು ಭಾವಿಸಿದ್ದೆ. ಎರಡು ತಿಂಗಳಿಂದ ಊಟದ ಮೇಜಿನ ಮೇಲೆ ನಕಾಶೆ ಹರಡಿಕೊಂಡು ಕುಳಿತ ಮೇಲೆ ಒಂದು ಸತ್ಯ ಮನವರಿಕೆಯಾಗಿದೆ. ಸೈಕಲ್ ಪ್ರವಾಸದಲ್ಲಿ ಮೊದಲು ಗೊತ್ತುಮಾಡಬೇಕಾದದ್ದು ರಾತ್ರಿಯ ವಸತಿ. ಹಗಲಿನ ದಾರಿ ಆಮೇಲಿನದು. ಕಾರಿನಲ್ಲಿ ಹೋಗುವವರಿಗೆ ಒಂದೂರಿನಲ್ಲಿ ಕೋಣೆ ಸಿಗದಿದ್ದರೆ ಮುಂದಿನ 50 ಕಿ.ಮೀ. ಕೇವಲ ಒಂದು ಗಂಟೆಯ ಮಾತು. ನಮಗೆ ಅದು ಎರಡು ದಿನದ ಮಾತು.

ಈ ಪಾಠವನ್ನು ನಾವು ಕಲಿತದ್ದು ಪೆಟ್ಟು ತಿಂದೇ. ಮೂರು ವರ್ಷಗಳ ಹಿಂದೆ, ಮಲೆನಾಡಿನ ಅಂಚಿನ ಒಂದು ತಾಲ್ಲೂಕು ಕೇಂದ್ರವನ್ನು ನಾವು ಸೈಕಲ್ಲಿನಲ್ಲಿ ತಲುಪಿದಾಗ ಸಂಜೆ ನಾಲ್ಕು ಗಂಟೆ. ಊರಿನಲ್ಲಿದ್ದ ಒಂದೇ ವಸತಿಗೃಹದ ಕೆಳಗೆ ಬಾರು; ಮಹಿಳೆಯರು ಒಳಗೆ ಕಾಲಿಡಲು ಒಪ್ಪಲಿಲ್ಲ. ಊರ ಹೊರಗೆ ಮಾವಿನ ಮರಗಳ ನಡುವೆ ಸರ್ಕಾರಿ ಪ್ರವಾಸಿ ಮಂದಿರವಿತ್ತು. ಕೋಣೆಗಳೆಲ್ಲ ಖಾಲಿ, ಎಲ್ಲಕ್ಕೂ ಬೀಗ. ಕಾವಲುಗಾರ ಒಳ್ಳೆಯ ಮನುಷ್ಯ. 'ಲೆಟರ್ ತಂದಿದ್ದೀರಾ ಸಾರ್?' ಎಂದ. ಇಲ್ಲವೆಂದೆವು. 'ಹಾಗಾದ್ರೆ ಕಷ್ಟ ಸಾರ್. ರಾತ್ರಿ ಯಾರಾದ್ರೂ ಸಾಹೇಬ್ರು ದಿಢೀರಂತ ಬಂದುಬಿಟ್ರೆ ನಾನೇನು ಉತ್ತರ ಕೊಡ್ಲಿ?' ಎಂದು ಕೇಳಿದ. ಅವನ ಪ್ರಶ್ನೆಗೆ ನಮ್ಮಲ್ಲೂ ಉತ್ತರವಿರಲಿಲ್ಲ. ಕೊನೆಗೆ ನಮ್ಮನ್ನು ಮನೆಗೆ ಕರೆದೊಯ್ದವರು ಸೈಕಲ್ ರಿಪೇರಿ ಅಂಗಡಿಯ ಮಾಲೀಕರು. ಹಂಡೆಯಲ್ಲಿ ಕಾದ ನೀರು, ಬಿಸಿ ಅಕ್ಕಿರೊಟ್ಟಿ, ಹಜಾರದಲ್ಲಿ ನಾಲ್ಕು ಹಾಸಿಗೆ. ಬೆಳಿಗ್ಗೆ ಹಣ ಕೊಡಹೋದರೆ ಆ ಮನೆಯ ತಾಯಿ ಮುಟ್ಟಲಿಲ್ಲ. ಅವರ ಔದಾರ್ಯಕ್ಕೆ ನಾವು ಇಂದಿಗೂ ಋಣಿಗಳು. ಆದರೆ ಅಪರಿಚಿತರ ಔದಾರ್ಯವನ್ನು ಲೆಕ್ಕಕ್ಕೆ ಹಿಡಿದು ಯಾರೂ ಪ್ರವಾಸ ಯೋಜಿಸಲಾರರು.

ಆದ್ದರಿಂದ ಈ ಸಲ ಲೆಕ್ಕಾಚಾರ ಬಿಗಿಯಾಗಿದೆ. ಸೈಕಲ್ಲುಗಳನ್ನು ಬೆಂಗಳೂರಿನ ರೈಲು ನಿಲ್ದಾಣದ ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಿ ಬ್ರೇಕ್ ವ್ಯಾನಿನಲ್ಲಿ ಸಾಗಿಸುತ್ತೇವೆ. ಮೈಸೂರಿನಲ್ಲೇ ಪ್ರಯಾಣ ಮುಗಿಸುವ ರೈಲನ್ನು ಆರಿಸಿಕೊಂಡರೆ ಎರಡು ನಿಮಿಷದ ನಿಲುಗಡೆಯಲ್ಲಿ ಸೈಕಲ್ ಇಳಿಸುವ ಧಾವಂತವಿರುವುದಿಲ್ಲ. ಮೊದಲ ದಿನ ಹೆದ್ದಾರಿಯ ಗೊಡವೆಗೆ ಹೋಗದೆ, ಕೃಷ್ಣರಾಜಸಾಗರದ ರಸ್ತೆ ಹಿಡಿದು, ಪಾಲಹಳ್ಳಿಯ ಕಡೆಗೆ ತಿರುಗಿ ರಂಗನತಿಟ್ಟಿನ ಹಕ್ಕಿಗಳನ್ನು ನೋಡಿಕೊಂಡು ಶ್ರೀರಂಗಪಟ್ಟಣ. ಅಲ್ಲಿಂದ ಸುಮಾರು 10 ಕಿ.ಮೀ. ದೂರದ ಪಾಂಡವಪುರದಲ್ಲಿ ಮೊದಲ ರಾತ್ರಿ. ಎರಡನೆಯ ದಿನ ತೊಣ್ಣೂರು ಕೆರೆಯ ಮೇಲೆ ಹಾದು ಮೇಲುಕೋಟೆ. ಜಕ್ಕನಹಳ್ಳಿಯಿಂದಾಚೆಗಿನ ಏರನ್ನು ತುಳಿಯಲಾಗದಿದ್ದರೆ ತಳ್ಳಿಕೊಂಡು ಹೋಗುವುದೆಂದು ಮೊದಲೇ ಒಪ್ಪಂದವಾಗಿದೆ. ಮೂರನೆಯ ದಿನ ಕೃಷ್ಣರಾಜಪೇಟೆ, ಅದರ ಪಕ್ಕದ ಹೊಸಹೊಳಲಿನ ಹೊಯ್ಸಳ ಗುಡಿ. ನಾಲ್ಕನೆಯ ದಿನ ಕಿಕ್ಕೇರಿಯ ಮೂಲಕ ಶ್ರವಣಬೆಳಗೊಳ.

ಈ ದಾರಿಯಲ್ಲಿ ಸಾಹಿತ್ಯದ ಎರಡು ತವರುಗಳಿವೆ. ಮೇಲುಕೋಟೆ 1905ರಲ್ಲಿ ಪು.ತಿ. ನರಸಿಂಹಾಚಾರ್ ಹುಟ್ಟಿದ ಊರು. ಕಿಕ್ಕೇರಿ 1915ರಲ್ಲಿ ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದ ಊರು. ಕಾರಿನಲ್ಲಿ ಹೋಗುವಾಗ ಕಿಕ್ಕೇರಿ ಒಂದು ಬೋರ್ಡು ಮಾತ್ರ. ಸೈಕಲ್ಲಿನವನಿಗೆ ಅಲ್ಲಿ ಬ್ರಹ್ಮೇಶ್ವರನ ಗುಡಿ, ಕೆರೆ, ಚಹಾದಂಗಡಿಯ ಬೆಂಚು ಎಲ್ಲವೂ ಉಂಟು.

ಕಾಲದ ಆಯ್ಕೆಗೂ ವಿವೇಕ ಬೇಕು. ವೈರಮುಡಿ ಉತ್ಸವದ ದಿನಗಳಲ್ಲಿ ಮೇಲುಕೋಟೆಯಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಅಷ್ಟರಲ್ಲಿ ಬಿಸಿಲೂ ಬಲಿತಿರುತ್ತದೆ. ಸಂಕ್ರಾಂತಿಯ ಸುಮಾರಿನಲ್ಲಿ ಹವೆ ಹಿತ, ಆಲೆಮನೆಗಳ ಬೆಲ್ಲದ ವಾಸನೆ ರಸ್ತೆಯವರೆಗೂ ಹರಡಿರುತ್ತದೆ. ಆದರೆ ರಾಗಿ, ಹುರುಳಿಯ ಕಟಾವಿನ ಕಾಲವೂ ಅದೇ. ಕಣಗಳು ಕಣ್ಮರೆಯಾದ ಊರುಗಳಲ್ಲಿ ಡಾಂಬರು ರಸ್ತೆಯೇ ಕಣ. ರಸ್ತೆಗೆ ಹರಡಿದ ಹುರುಳಿಬಳ್ಳಿ ಸೈಕಲ್ಲಿನ ಚೈನಿಗೆ ಸುತ್ತಿಕೊಂಡರೆ ಬಿಡಿಸಲು ಅರ್ಧ ಗಂಟೆ ಬೇಕು. ಅಂಥಲ್ಲಿ ಇಳಿದು ನಡೆಯುವುದೇ ಜಾಣತನ. ಸೈಕಲ್ ಕೂಡ ಊರಿನ ಮೆಕ್ಯಾನಿಕ್ಕಿಗೆ ಅರ್ಥವಾಗುವಂಥದ್ದಿರಬೇಕು. ದುಬಾರಿ ಸೈಕಲ್ಲುಗಳ ಸೂಜಿಯಂಥ ವಾಲ್ವಿಗೆ ಹಳ್ಳಿಯ ಪಂಕ್ಚರ್ ಅಂಗಡಿಯ ಗಾಳಿಯಂತ್ರ ಹೊಂದುವುದಿಲ್ಲ.

ಇವೆಲ್ಲ ನಮ್ಮ ಕೈಯಲ್ಲಿರುವ ಸಂಗತಿಗಳು. ನಮ್ಮ ಕೈ ಮೀರಿದ ಸಂಗತಿಗಳು ಎರಡು: ರಸ್ತೆ ಮತ್ತು ಕೋಣೆ.

ಕಳೆದ ತಿಂಗಳು ಈ ದಾರಿಯನ್ನು ಬಸ್ಸಿನಲ್ಲಿ ಹೋಗಿ, ಅಲ್ಲಲ್ಲಿ ಇಳಿದು ನಡೆದು ನೋಡಿಬಂದೆ. ನಮ್ಮ ಗ್ರಾಮಾಂತರ ರಸ್ತೆಗಳು ಹಿಂದಿಗಿಂತ ಸುಧಾರಿಸಿವೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಹಳೆಯ ಡಾಂಬರಿನ ಮೇಲೆ ಹೊಸ ಡಾಂಬರು ಸುರಿದು ಸುರಿದು ರಸ್ತೆ ಎತ್ತರವಾಗುತ್ತ ಹೋಗಿದೆ. ಪಕ್ಕದ ಮಣ್ಣಿನ ಅಂಚು ಇದ್ದಲ್ಲೇ ಇದೆ. ಅನೇಕ ಕಡೆ ಎರಡರ ನಡುವೆ ಗೇಣುದ್ದದ ಇಳಿತ. ಹಿಂದಿನಿಂದ ಬಸ್ಸು ಹಾರನ್ ಹೊಡೆದಾಗ ಸೈಕಲ್ ಸವಾರ ಈ ಇಳಿತಕ್ಕೆ ಜಾರಿ ಬೀಳಬೇಕು, ಇಲ್ಲವೇ ಬಸ್ಸಿಗೆ ಎದೆಗೊಟ್ಟು ನಿಲ್ಲಬೇಕು. ಕಬ್ಬಿನ ಹಂಗಾಮಿನಲ್ಲಿ ಹಿಂಬದಿಯ ದೀಪವಿಲ್ಲದ ಟ್ರ್ಯಾಕ್ಟರುಗಳ ಸಾಲು ಬೇರೆ. ಸಂಜೆಯ ಮೇಲೆ ಸೈಕಲ್ ತುಳಿಯುವುದಿಲ್ಲವೆಂದು ನಾವು ತೀರ್ಮಾನಿಸಿದ್ದು ಇದೇ ಕಾರಣಕ್ಕೆ.

ನಿವೃತ್ತರ ಹವ್ಯಾಸಕ್ಕಾಗಿ ಸರ್ಕಾರ ರಸ್ತೆಯಂಚು ಸರಿಪಡಿಸಬೇಕೇ ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಂದು ಒಂದು ಊರಿನ ತಿರುವಿನಲ್ಲಿ ನಾನು ಕಂಡ ದೃಶ್ಯವೇ ಅದಕ್ಕೆ ಉತ್ತರ. ಶಾಲೆ ಬಿಟ್ಟ ಐದಾರು ಹುಡುಗಿಯರು ಸಾಲಾಗಿ ಸೈಕಲ್ಲಿನಲ್ಲಿ ಬರುತ್ತಿದ್ದರು. ಹಿಂದೆ ಲಾರಿಯ ಸದ್ದು ಕೇಳುತ್ತಲೇ ಯಾರೂ ಹೇಳದೆ ಎಲ್ಲರೂ ಒಟ್ಟಿಗೆ ಇಳಿದು, ಸೈಕಲ್ಲುಗಳನ್ನು ಬೇಲಿಯ ಕಡೆಗೆ ಎಳೆದುಕೊಂಡು ನಿಂತರು. ಲಾರಿ ಹೋಯಿತು, ಮತ್ತೆ ಹತ್ತಿದರು. ನೂರು ಗಜ ಹೋಗುವಷ್ಟರಲ್ಲಿ ಮತ್ತೊಂದು ಲಾರಿ. ಅದು ಅವರಿಗೆ ದಿನನಿತ್ಯದ ಅಭ್ಯಾಸವೆಂಬುದು ನೋಡಿದರೇ ತಿಳಿಯುತ್ತಿತ್ತು.

ನಮ್ಮ ರಾಜ್ಯ 2006-07ರಲ್ಲಿ 8ನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭಿಸಿತು. ಕೋವಿಡ್ ವರ್ಷಗಳಲ್ಲಿ ಅದು ಸ್ಥಗಿತಗೊಂಡಿತಾದರೂ, ಹೈಸ್ಕೂಲಿನ ಹಾದಿಯನ್ನು ಅನೇಕ ಹೆಣ್ಣುಮಕ್ಕಳಿಗೆ ಹತ್ತಿರ ಮಾಡಿದ ಕೀರ್ತಿ ಅದಕ್ಕೆ ಸಲ್ಲಬೇಕು. ಸೈಕಲ್ ಕೊಟ್ಟ ನಾವು ಅದನ್ನು ತುಳಿಯುವ ಎರಡಡಿ ಜಾಗ ಕೊಡಲು ಮರೆತೆವು. ಬೆಂಗಳೂರು-ಮೈಸೂರು ಹೊಸ ಹೆದ್ದಾರಿಯಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರು ಮತ್ತು ಯಂತ್ರರಹಿತ ವಾಹನಗಳನ್ನು ನಿಷೇಧಿಸಲಾಯಿತು. ಅತಿವೇಗದ ರಸ್ತೆಯಲ್ಲಿ ಸೈಕಲ್ ಇರಬಾರದೆಂಬ ವಾದವನ್ನು ನಾನು ಒಪ್ಪುತ್ತೇನೆ. ಆದರೆ ನಿಧಾನದ ವಾಹನವನ್ನು ಒಂದು ರಸ್ತೆಯಿಂದ ಹೊರಹಾಕಿದ ಮೇಲೆ ಇನ್ನೊಂದು ರಸ್ತೆಯಲ್ಲಿ ಅದಕ್ಕೆ ಸುರಕ್ಷಿತ ಜಾಗ ಕೊಡುವ ಹೊಣೆಯೂ ಹುಟ್ಟುತ್ತದೆ. ಇದೇ ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ 2018ರ ನವೆಂಬರ್‌ನಲ್ಲಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಸತ್ತರು. ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಅವರಲ್ಲಿದ್ದರು. ರಸ್ತೆಯ ಅಂಚಿನ ಬಗೆಗಿನ ಉಪೇಕ್ಷೆ ಸೈಕಲ್ ಸವಾರನೊಬ್ಬನನ್ನೇ ಬಲಿ ಪಡೆಯುವುದಿಲ್ಲ.

ಇನ್ನು ಕೋಣೆಯ ಮಾತು. ಮೇಲುಕೋಟೆ, ಶ್ರವಣಬೆಳಗೊಳಗಳು ಯಾತ್ರಾಸ್ಥಳಗಳಾದ್ದರಿಂದ ಅಲ್ಲಿ ಛತ್ರ, ಅತಿಥಿಗೃಹಗಳಿವೆ. ಶ್ರವಣಬೆಳಗೊಳದ ಜೈನ ಭೋಜನಾಲಯದಲ್ಲಿ ಊಟ ಮಾಡುವುದಾದರೆ ಸೂರ್ಯಾಸ್ತಕ್ಕೆ ಮುನ್ನ ತಲುಪಬೇಕೆಂಬುದನ್ನೂ ಯೋಜನೆಯಲ್ಲಿ ಬರೆದುಕೊಂಡಿದ್ದೇವೆ. ಕಷ್ಟವಿರುವುದು ನಡುವಿನ ಊರುಗಳಲ್ಲಿ. ನಮ್ಮ ಪ್ರವಾಸೋದ್ಯಮ ತುದಿಗಳನ್ನಷ್ಟೇ ಕಾಣುತ್ತದೆ. ಕೊಡಗು, ಚಿಕ್ಕಮಗಳೂರುಗಳಲ್ಲಿ ಹೋಮ್‌ಸ್ಟೇಗಳು ತುಂಬಿವೆ. ಬಯಲುಸೀಮೆಯ ಒಂದು ಹೋಬಳಿಯಲ್ಲಿ ಶುಚಿಯಾದ ಒಂದು ಕೋಣೆ, ಮಹಿಳೆಯರು ಬಳಸಬಹುದಾದ ಒಂದು ಶೌಚಾಲಯ ಸಿಗುವುದು ಅದೃಷ್ಟದ ಮೇಲೆ ನಿಂತಿದೆ.

ನಡೆದು, ಗಾಡಿ ಕಟ್ಟಿ ಪ್ರಯಾಣಿಸುತ್ತಿದ್ದ ಕಾಲದಲ್ಲಿ ಈ ನಾಡು ನಡುದಾರಿಯನ್ನು ಮರೆತಿರಲಿಲ್ಲ. ಅರವಟಿಗೆಗೆ, ಛತ್ರಕ್ಕೆ ಭೂಮಿ ಬಿಟ್ಟ ದತ್ತಿಗಳು ನಮ್ಮ ಶಾಸನಗಳಲ್ಲಿವೆ. ಹೊರೆ ಹೊತ್ತವನು ಯಾರ ನೆರವೂ ಇಲ್ಲದೆ ಇಳಿಸಿಕೊಳ್ಳಲೆಂದು ಹೊರೆಗಲ್ಲುಗಳಿದ್ದವು. ರೈಲು ಬಂದ ಮೇಲೆ ಗುಬ್ಬಿ ತೋಟದಪ್ಪನವರು 1903ರಲ್ಲಿ ಬೆಂಗಳೂರಿನ ರೈಲು ನಿಲ್ದಾಣದ ಬಳಿ ಕಟ್ಟಿಸಿದ ಛತ್ರ ಅದೇ ಪರಂಪರೆಯ ಮುಂದುವರಿಕೆ. ಬ್ರಿಟಿಷರ ಕಾಲದಲ್ಲಿ ಹೆದ್ದಾರಿಗಳುದ್ದಕ್ಕೂ ಬಂಗಲೆಗಳನ್ನು ಕಟ್ಟಿದ್ದೂ ಕುದುರೆ, ಎತ್ತಿನ ಗಾಡಿಗಳು ಒಂದು ದಿನದಲ್ಲಿ ಕ್ರಮಿಸಬಹುದಾದ ದೂರವನ್ನು ಗಮನದಲ್ಲಿಟ್ಟುಕೊಂಡು. ಇಂದು ಅಷ್ಟೇ ದೂರ ಒಬ್ಬ ಸಾಧಾರಣ ಸೈಕಲ್ ಸವಾರನಿಗೂ ಹಿತವಾದದ್ದು. ವಿಪರ್ಯಾಸವೆಂದರೆ, ಕಟ್ಟಡಗಳು ಉಳಿದಿವೆ, ಪ್ರವಾಸಿ ಮಂದಿರವೆಂಬ ಹೆಸರೂ ಉಳಿದಿದೆ. ಪ್ರವಾಸಿಗೆ ಮಾತ್ರ ಪತ್ರ ಬೇಕು.

ಇದಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ ಎಂಬುದಕ್ಕೆ ಜರ್ಮನಿಯ ಉದಾಹರಣೆಯಿದೆ. ಅಲ್ಲಿನ ಸೈಕಲ್ ಸವಾರರ ಸಂಘ 1995ರಲ್ಲಿ 'ಹಾಸಿಗೆ ಮತ್ತು ಸೈಕಲ್' ಎಂಬರ್ಥದ 'ಬೆಟ್ ಉಂಡ್ ಬೈಕ್' ಹೆಸರಿನ ವ್ಯವಸ್ಥೆಯನ್ನು ಹುಟ್ಟುಹಾಕಿತು. ಅದು ಹೋಟೆಲು ಕಟ್ಟಲಿಲ್ಲ. ಇರುವ ಹೋಟೆಲು, ಮನೆಗಳಿಗೆ ಕೆಲವು ಸರಳ ಷರತ್ತು ವಿಧಿಸಿತು: ಒಂದೇ ರಾತ್ರಿಗೆ ಬಂದವರನ್ನೂ ನಿರಾಕರಿಸಬಾರದು, ಸೈಕಲ್ಲಿಗೆ ಬೀಗದ ಜಾಗವಿರಬೇಕು, ಒದ್ದೆ ಬಟ್ಟೆ ಒಣಗಿಸುವ ಅನುಕೂಲವಿರಬೇಕು, ಸಣ್ಣ ರಿಪೇರಿಯ ಸಲಕರಣೆಗಳಿರಬೇಕು. ಒಪ್ಪಿದವರ ಬಾಗಿಲಿಗೆ ಒಂದು ಫಲಕ. ಇಂದು ಸಾವಿರಾರು ಮನೆಗಳು ಆ ಪಟ್ಟಿಯಲ್ಲಿವೆ.

ನಮ್ಮಲ್ಲಿ ಇದನ್ನು ಗ್ರಾಮ ಪಂಚಾಯಿತಿಗಳಿಂದಲೇ ಆರಂಭಿಸಬಹುದು. ಊರಿನಲ್ಲಿ ಒಂದು ಕೋಣೆ, ಶೌಚಾಲಯ, ಬಿಸಿನೀರು ಕೊಡಬಲ್ಲ ನಾಲ್ಕು ಮನೆಗಳ ಪಟ್ಟಿ, ಗೊತ್ತುಪಡಿಸಿದ ಬಾಡಿಗೆ, ಪಂಚಾಯಿತಿ ಗೋಡೆಯ ಮೇಲೆ ಒಂದು ದೂರವಾಣಿ ಸಂಖ್ಯೆ ಇದ್ದರೆ ಸಾಕು. ಊಟ-ವಸತಿಗೆ ದಿನಕ್ಕೆ ತಲಾ 1,000 ರೂಪಾಯಿ ಕೊಡಲು ನಾವು ಸಿದ್ಧರಿದ್ದೇವೆ. ನಾಲ್ವರ ಆ ಹಣ ಊರಿನ ಒಂದು ಮನೆಯಲ್ಲೇ ಉಳಿಯುತ್ತದೆ. ಖಾಲಿ ಬಿದ್ದಿರುವ ಪ್ರವಾಸಿ ಮಂದಿರಗಳಲ್ಲಿ ಎರಡು ಕೋಣೆಗಳನ್ನಾದರೂ ಗುರುತಿನ ಚೀಟಿ ತೋರಿಸಿ ನಿಗದಿತ ಬಾಡಿಗೆ ಕೊಡುವ ಯಾವ ನಾಗರಿಕನಿಗಾದರೂ ಬಿಟ್ಟುಕೊಡಬಹುದು. ಡಾಂಬರು ಹಾಕುವ ಪ್ರತಿ ಗುತ್ತಿಗೆಯಲ್ಲೂ ಅಂಚಿಗೆ ಮಣ್ಣು ತುಂಬಿ ಸಮತಟ್ಟು ಮಾಡಿದ ನಂತರವೇ ಬಿಲ್ಲು ಪಾವತಿಯಾಗುವಂತೆ ನೋಡಿಕೊಳ್ಳಬಹುದು.

ಆ ಕೋಣೆ ನಮ್ಮಂಥವರಿಗಷ್ಟೇ ಉಪಯೋಗವಾಗುವುದಿಲ್ಲ. ಚುನಾವಣಾ ಕೆಲಸಕ್ಕೆ ಬಂದು ಶಾಲೆಯ ಬೆಂಚಿನ ಮೇಲೆ ಮಲಗುವ ಶಿಕ್ಷಕಿಗೆ, ಶಿವರಾತ್ರಿಗೆಂದು ಧರ್ಮಸ್ಥಳಕ್ಕೆ ನಡೆದು ಹೋಗುವ ಯಾತ್ರಿಕರಿಗೆ, ಕೊನೆಯ ಬಸ್ಸು ತಪ್ಪಿಸಿಕೊಂಡ ಹೆಣ್ಣುಮಗಳಿಗೆ ಅದು ನಮಗಿಂತ ಹೆಚ್ಚು ಬೇಕು. ಸರಿಯಾದ ರಸ್ತೆಯಂಚಂತೂ ಆ ಶಾಲಾಬಾಲಕಿಯರಿಗೆ ಇಂದೇ ಬೇಕು.

ನಮ್ಮ ಪಟ್ಟಿಯಲ್ಲಿ ಮೂರನೆಯ ರಾತ್ರಿಯ ಎದುರು ಇನ್ನೂ ಪ್ರಶ್ನಾರ್ಥಕ ಚಿಹ್ನೆಯಿದೆ. ಪರಿಚಿತರ ಪರಿಚಿತರೊಬ್ಬರು ವಿಚಾರಿಸಿ ಹೇಳುವುದಾಗಿ ಭರವಸೆ ಕೊಟ್ಟಿದ್ದಾರೆ. ಸಿಕ್ಕರೆ ಶ್ರವಣಬೆಳಗೊಳ, ಸಿಗದಿದ್ದರೆ ಮೇಲುಕೋಟೆಯಿಂದಲೇ ಸೈಕಲ್ಲುಗಳನ್ನು ಟೆಂಪೊಗೆ ಏರಿಸಿ ಹಿಂತಿರುಗುತ್ತೇವೆ. ನಾವು ಮನೆಗೆ ಮರಳಬಹುದು. ಶಾಲೆಯಿಂದ ಮನೆಗೆ ಹೋಗುವ ಮಕ್ಕಳಿಗೆ ಆ ದಾರಿಯ ಬದಲು ಬೇರೆ ದಾರಿಯಿಲ್ಲ.